ನ್ಯೂಯಾರ್ಕಿನ ನೆಲದಡಿಯ ರುದ್ರಭೂಮಿ
(ಮಾಸಿಕ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ನಾವು ಹಿರಿಯರನ್ನು ಸುಡುವವರಲ್ಲ, ಮಣ್ಣಿಗೆ ಕೊಡುವವರು. ಊರು ಬೆಳೆಯುತ್ತ ರುದ್ರಭೂಮಿಯ ಬೇಲಿಗೆ ಬಂದು ನಿಂತಾಗ ಏಳುವ ಪ್ರಶ್ನೆ ನಮ್ಮದೂ ಹೌದು. ಅದಕ್ಕೇ ಇಂದು ದೂರದೂರಿನ ಒಂದು ಸಂಗತಿ ಆರಿಸಿಕೊಂಡಿದ್ದೇನೆ.

ನ್ಯೂಯಾರ್ಕಿನ ಬ್ರಾಡ್‌ವೇ ರಸ್ತೆಯಲ್ಲಿ ಅಮೆರಿಕದ ಕೇಂದ್ರ ಸರ್ಕಾರ 34 ಅಂತಸ್ತಿನ ಕಚೇರಿ ಕಟ್ಟಲು ಹೊರಟಿತ್ತು. ಸರ್ಕಾರದ ಕಟ್ಟಡವಾದ್ದರಿಂದ 1966ರ ಕಾಯ್ದೆಯಂತೆ ಮೊದಲು ಪುರಾತತ್ವ ಸಮೀಕ್ಷೆ ಆಗಬೇಕು. 18ನೆಯ ಶತಮಾನದ ನಕ್ಷೆಯಲ್ಲಿ ಆ ಜಾಗ ಆಫ್ರಿಕನ್ನರ ಸ್ಮಶಾನವೆಂದೇ ಇತ್ತು. ಆದರೆ ಆಮೇಲೆ ಎದ್ದ ಮನೆಗಳ ನೆಲಮಾಳಿಗೆಗಳು ಗೋರಿಗಳನ್ನು ಬಹುಮಟ್ಟಿಗೆ ಅಳಿಸಿರಬೇಕೆಂದು ಕಾಗದಪತ್ರ ನೋಡಿದವರು ಬಗೆದರು. 1991ರಲ್ಲಿ ಅಗೆದಾಗ ನೆಲ ಬೇರೆಯೇ ಹೇಳಿತು. ತಗ್ಗು ತುಂಬಲು ಹಿಂದೆ ಸುರಿದಿದ್ದ ಮಣ್ಣು ಕೆಲವೆಡೆ 20 ಅಡಿ ದಪ್ಪವಿತ್ತು. ಅದರ ಕೆಳಗೆ ಶವಪೆಟ್ಟಿಗೆಗಳು ಹಾಗೆಯೇ ಇದ್ದವು. ಹೊರತೆಗೆದದ್ದು 419 ಜನರ ಅವಶೇಷ. ಇಡೀ ಸ್ಮಶಾನದಲ್ಲಿ ಸಾವಿರಾರು ಜನ ಮಲಗಿದ್ದಾರೆ.

ಯಾರು ಇವರು? ಆ ನಗರವನ್ನು ದುಡಿದು ಕಟ್ಟಿದ ಗುಲಾಮರು, ಜೊತೆಗೆ ಕೆಲವರು ಸ್ವತಂತ್ರರು. 1697ರಲ್ಲಿ ಟ್ರಿನಿಟಿ ಚರ್ಚು ತನ್ನ ಅಂಗಳದಲ್ಲಿ ಇವರನ್ನು ಹೂಳಬಾರದೆಂದಿತು. ಹೀಗಾಗಿ ಊರ ಹೊರಗೆ. (ಊರ ಹೊರಗೆ ಎಂದರೇನೆಂದು ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.) ಕತ್ತಲಾದ ಮೇಲೆ ಮಣ್ಣು ಮಾಡುವಂತಿಲ್ಲ, 12 ಜನಕ್ಕಿಂತ ಹೆಚ್ಚು ಸೇರುವಂತಿಲ್ಲ ಎಂದು ಕಾನೂನಾಯಿತು. ದಿನವಿಡೀ ದುಡಿಯುವವರು ಹಗಲಲ್ಲಿ ಯಾವಾಗ ಬರಬೇಕು?

ಅವರು ಬರೆದಿಟ್ಟದ್ದು ಹೆಚ್ಚೇನೂ ಇಲ್ಲ. ಮೂಳೆಗಳೇ ದಾಖಲೆ. ಹೊರಬಾರದ ಭಾರ ಹೊತ್ತು ಬೆನ್ನು, ಕುತ್ತಿಗೆ ನಲುಗಿದ ಗುರುತುಗಳಿವೆ. ಅರ್ಧಕ್ಕೆ ಸಮೀಪ ಮಕ್ಕಳು. ಒಬ್ಬ ಹೆಂಗಸಿನ ಸೊಂಟದ ಸುತ್ತ ನೂರಕ್ಕೂ ಹೆಚ್ಚು ಮಣಿಗಳಿದ್ದವು. ಆಕೆಯ ಹೆಸರು ನಮಗೆ ಸಿಗುವುದಿಲ್ಲ. ಆದರೆ ಮಣಿಸರದೊಡನೆ ಆಕೆಯನ್ನು ಮಲಗಿಸಿದವರು ಯಾರೋ ಇದ್ದರಲ್ಲ!

ಸರ್ಕಾರಕ್ಕೆ ಮಾತ್ರ ಕಟ್ಟಡದ ಅವಸರ. ಕೆಲವು ಗೋರಿಗಳಿಗೆ ಯಂತ್ರದಿಂದ ಹಾನಿಯಾಯಿತು. ಕರಿಯ ಸಮುದಾಯ ಬೀದಿಗಿಳಿಯಿತು; ನಗರದ ಮೊದಲ ಕರಿಯ ಮೇಯರ್ ಡೇವಿಡ್ ಡಿಂಕಿನ್ಸ್ ಅವರ ಬೆಂಬಲಕ್ಕೆ ನಿಂತರು. 1992ರಲ್ಲಿ ಅಗೆತ ನಿಂತಿತು. ಅವಶೇಷಗಳ ಅಧ್ಯಯನ ಕರಿಯರೇ ಹೆಚ್ಚಾಗಿ ಓದುವ ಹೋವರ್ಡ್ ವಿಶ್ವವಿದ್ಯಾಲಯಕ್ಕೆ, ಮೈಕೆಲ್ ಬ್ಲೇಕಿ ಎಂಬ ವಿದ್ವಾಂಸರ ಕೈಗೆ ಬಂತು. ಏನನ್ನು ಹುಡುಕಬೇಕೆಂದು ಅವರು ಸಮುದಾಯವನ್ನೇ ಕೇಳಿದರು: ಇವರು ಎಲ್ಲಿಂದ ಬಂದವರು, ಹೇಗೆ ಬಾಳಿದರು, ಗುಲಾಮಗಿರಿಯನ್ನು ಹೇಗೆ ಎದುರಿಸಿದರು? ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು ಇದೇ. ಸಮೀಕ್ಷೆ ಕಾನೂನಿನಿಂದ ಬಂತು, ಗೌರವ ಕೇಳಿ ಪಡೆಯಬೇಕಾಯಿತು.

ನಮ್ಮಲ್ಲಿಯೂ ಬಡಾವಣೆಯಾಗುವ ಮುನ್ನ ಸಮಾಧಿಗಳ ಗುರುತು ಯಾರಾದರೂ ಕೇಳುತ್ತಾರೆಯೇ? ಕೇಳುವವರೆಗೆ ಕಾಯದೆ ಪ್ರತಿ ಊರಿನ ರುದ್ರಭೂಮಿಯ ಪಹಣಿ, ನಕ್ಷೆ, ಹಿರಿಯರ ನೆನಪು ಇವನ್ನು ಮಠಗಳೇ ಕೂಡಿಸಿಡಬಹುದು. ಎಲ್ಲ ಜಾತಿಯವರ ಸ್ಮಶಾನವೂ ಆ ಪಟ್ಟಿಯಲ್ಲಿರಲಿ.

ಆ ದೊಡ್ಡ ಕಟ್ಟಡವೇನೋ ಎದ್ದು ನಿಂತಿತು. ಅದಕ್ಕೆ ಅಂಟಿದಂತೆ ಕಟ್ಟಬೇಕೆಂದಿದ್ದ ಚಿಕ್ಕ ಕಟ್ಟಡವನ್ನು ಕೈಬಿಟ್ಟರು. ಆ ಬಯಲಿನಲ್ಲಿಯೇ, 2003ರ ಅಕ್ಟೋಬರಿನಲ್ಲಿ, 419 ಜನರನ್ನೂ ಆಫ್ರಿಕದ ಘಾನಾದಲ್ಲಿ ಕೆತ್ತಿಸಿ ತಂದ ಮರದ ಪೆಟ್ಟಿಗೆಗಳಲ್ಲಿಟ್ಟು ಮತ್ತೆ ಮಣ್ಣಿಗೆ ಕೊಟ್ಟರು. ಈ ಸಲ ಎಷ್ಟು ಜನ ಸೇರಬೇಕೆಂದು ಯಾರೂ ಎಣಿಸಲಿಲ್ಲ.