ದಿವಾನಗಿರಿಯಿಂದ ಕಾರಖಾನೆದಾರರ ಸಂಘಕ್ಕೆ

(ಮುರಗೋಡದ ಸಭೆಯಲ್ಲಿ ಮಾಡಿದ ಭಾಷಣ)

ಗಿರಣಿಯ ಕೂಲಿಕಾರ ಬಂಧುಗಳೇ, ಅಂಗಡಿಕಾರ ಮಿತ್ರರೇ,

ರಾಜ್ಯಭಾರದ ಗಾದಿಯಿಂದ ಇಳಿದವರು ವ್ಯಾಪಾರಿಗಳ, ಮಾಲಕರ ಸಂಘಗಳಿಗೆ ಮುಖಂಡರಾಗುವುದು ಹೊಸ ಸಂಗತಿಯಲ್ಲ. ನಮ್ಮ ನಾಡಿನಲ್ಲಿ ಆ ದಾರಿಯನ್ನು ದೊಡ್ಡದಾಗಿ ತುಳಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಕನ್ನಂಬಾಡಿ ಕಟ್ಟಿದ ಇಂಜಿನಿಯರರೆಂದು ನಾವು ಅವರ ಚಿತ್ರಕ್ಕೆ ಹಾರ ಹಾಕುತ್ತೇವೆ. ಅವರ ಬಾಳಿನಲ್ಲಿ ನಾವು ಕಲಿಯಬೇಕಾದ ಇನ್ನೊಂದು ಪಾಠವಿದೆ.

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರು. 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. 1916ರಲ್ಲಿ ಅವರದೇ ಪ್ರೇರಣೆಯಿಂದ ಮೈಸೂರು ಚೇಂಬರ್ ಆಫ್ ಕಾಮರ್ಸ್ ಹುಟ್ಟಿತು. ಬೆಂಗಳೂರಿನ ಇಂದಿನ ಎಫ್.ಕೆ.ಸಿ.ಸಿ.ಐ. ಅದರ ಮುಂದುವರಿಕೆ. ಅಂದರೆ ವ್ಯಾಪಾರಿಗಳಿಗೆ ‘ಒಂದುಗೂಡಿರಿ’ ಎಂದು ಹೇಳಿದವರು ಸ್ವತಃ ದಿವಾನರು!

ಗಾದಿ ಬಿಟ್ಟ ಮೇಲೆ ಭದ್ರಾವತಿಯ ಕಬ್ಬಿಣದ ಕಾರಖಾನೆಯ ಹೊಣೆ ಹೊತ್ತರು. ಮೋಟಾರು ಕಾರಖಾನೆ ತರಲು ಹೆಣಗಿದರು. ಬ್ರಿಟಿಷ್ ಸರಕಾರ ಆಸರೆ ಕೊಡಲಿಲ್ಲ. ಬಿಡಿಬಿಡಿಯಾಗಿ ಕೂಗಿದರೆ ದಿಲ್ಲಿಗೆ ಕೇಳಿಸದು. 1941ರಲ್ಲಿ, 80ರ ವಯಸ್ಸಿನಲ್ಲಿ, ಅಖಿಲ ಭಾರತ ಉತ್ಪಾದಕರ ಸಂಘವನ್ನು ಕಟ್ಟಿ ಅದರ ಅಧ್ಯಕ್ಷರಾದರು.

ಅವರ ಪ್ರಾಮಾಣಿಕತೆಗೆ ನಾವು ತಲೆಬಾಗುತ್ತೇವೆ. ಆದರೆ ಪ್ರಾಮಾಣಿಕನಿಗೂ ತಾನು ನಿಂತ ಜಾಗದಿಂದಲೇ ಲೋಕ ಕಾಣುತ್ತದೆ. ಹಿಂದುಳಿದವರಿಗೆ ಸರಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಚಾರಕ್ಕೆ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರಿಗೆ ಅದು ಒಪ್ಪಿಗೆಯಾಗಲಿಲ್ಲ. ಅದೇ ವರುಷ ಪದವಿಯಿಂದ ನಿವೃತ್ತರಾದರು. ಕಾರಖಾನೆ ಬೇಕೆಂದು ಅವರಷ್ಟು ಬಲವಾಗಿ ಹೇಳಿದವರಿಲ್ಲ. ಆದರೆ ಕಾರಖಾನೆದಾರರ ಸಂಘ ಕಾರಖಾನೆದಾರರ ಮಾತನ್ನೇ ಆಡುತ್ತದೆ. ಅದು ತಪ್ಪಲ್ಲ, ಅದರ ಕೆಲಸವೇ ಅದು. ಕೂಲಿಯ ಮಾತು, ರಜೆಯ ಮಾತು, ಪಾಳಿಯ ಮಾತು ಅಲ್ಲಿಂದ ಬರಲೆಂದು ನಾವು ಕಾಯ್ದರೆ ತಪ್ಪು ನಮ್ಮದು. ಮುಂಬಯಿಯಲ್ಲಿ 1920ರಲ್ಲಿ ಎ.ಐ.ಟಿ.ಯು.ಸಿ. ಕಟ್ಟಿದ ಕಾರ್ಮಿಕರು ಹೀಗೆ ಕಾಯಲಿಲ್ಲ.

ಅಂಗಡಿಕಾರ ಮಿತ್ರರೂ ಯೋಚಿಸಬೇಕು. ಬೈಲಹೊಂಗಲದ ಪೇಟೆಯಲ್ಲಿ ನೂರು ಗಾಡಿ ಹತ್ತಿ ಹಿಡಿಯುವವನೂ ವ್ಯಾಪಾರಿ, ಮುರಗೋಡದ ಸಂತೆಯಲ್ಲಿ ತಕ್ಕಡಿ ಹಿಡಿದು ಕೂಡುವವನೂ ವ್ಯಾಪಾರಿ. ಹೆಸರು ಒಂದೇ, ಹಿತ ಒಂದೇ ಅಲ್ಲ. 2025ರ ಜುಲೈಯಲ್ಲಿ ಯುಪಿಐ ಜಮೆಯ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಕಾರರಿಗೆ ನೋಟೀಸು ಕಳಿಸಿತು. ಹಾಲು, ತರಕಾರಿ ಮಾರುವವರಿಗೂ ಬಂದವು. ಅವರು ಒಟ್ಟಾಗಿ ಬಂದ್‌ಗೆ ಎದ್ದರು. ಮುಖ್ಯಮಂತ್ರಿಗಳು ಕರೆದು ಮಾತಾಡಿ, ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಹೇಳಬೇಕಾಯಿತು.

ಬಂಧುಗಳೇ, ನಾಳೆ ಯಾವನೇ ಮಾಜಿ ಮುಖಂಡ ‘ನಾನು ವ್ಯಾಪಾರದ ಪರ’ ಎಂದು ನಿಮ್ಮ ಓಣಿಗೆ ಬಂದರೆ ಮರ್ಯಾದೆಯಿಂದ ಕೂಡ್ರಿಸಿರಿ, ಚಹಾ ಕೊಡಿರಿ. ಆಮೇಲೆ ಕೇಳಿರಿ: ನಿಮ್ಮ ಸಂಘಕ್ಕೆ ವರ್ಗಣಿ ಕೊಡುವವರು ಯಾರು? ಠರಾವು ಬರೆಯುವವರು ಯಾರು? ಅಲ್ಲಿ ನಮ್ಮ ಹೆಸರಿಲ್ಲವೆಂದು ತಿಳಿದರೆ ಅವರ ಮೇಲೆ ಸಿಟ್ಟಾಗಬೇಡಿರಿ. ನಮ್ಮ ಸಂಘದ ಪಾವತಿ ಪುಸ್ತಕ ತೆಗೆದು, ಮೊದಲ ಹಾಳೆಯಲ್ಲಿ ನಮ್ಮ ಹೆಸರು ಬರೆಯೋಣ.