ಹಿಮದ ಮೇಲೆ ತೇಲುವ ಹಲಗೆ



ಮಂಜು ಎಂಬ ಮಾತು ನಮಗೆಲ್ಲ ಗೊತ್ತು. ಧನುರ್ಮಾಸದ ಬೆಳಗಿನಲ್ಲಿ ಅಡಕೆ ತೋಟದ ಮೇಲೆ ಕವಿಯುವುದೂ ಮಂಜು, ಹುಲ್ಲಿನ ತುದಿಯಲ್ಲಿ ನಿಲ್ಲುವುದೂ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು. ನಮ್ಮ ನೆರೆಯ ಮಲಯಾಳಿಗಳ ಬಾಯಲ್ಲೂ 'ಮಞ್ಞ್' ಎಂಬ ಒಂದೇ ಮಾತು ಇಷ್ಟಕ್ಕೂ ಸಾಕಾಗುತ್ತದೆ. ಹಿಮ ಬೀಳದ ನಾಡಿನವರಾದ ನಮಗೆ ಅಷ್ಟು ಸಾಕು. ಆದರೆ ಅದರ ಮೇಲೆ ಕಾಲಿಡುವವನಿಗೆ ಸಾಲದು. ರಾತ್ರಿ ಬಿದ್ದ, ಹಿಟ್ಟಿನಂತೆ ಹಗುರವಾದ ಹಿಮ ಬೇರೆ. ಗಾಳಿ ಬಡಿದು ಬಿಗಿದುಕೊಂಡದ್ದು ಬೇರೆ. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ್ದು ಬೇರೆ. ಒಂದರಲ್ಲಿ ಕೈಹಿಡಿಯುವ ಸಾಧನ ಇನ್ನೊಂದರಲ್ಲಿ ಕೈಕೊಡುತ್ತದೆ. ಈ ಮಾತು ಸ್ಪಷ್ಟವಾಗಿ ಕಾಣುವುದು ಸ್ಕೀ ಎಂಬ ಹಲಗೆಯಲ್ಲಿ. ಅದರಲ್ಲೂ ಪುಡಿಹಿಮಕ್ಕೆಂದೇ ಮಾಡಿದ ಉದ್ದನೆಯ, ಅಗಲವಾದ ಸ್ಕೀಯಲ್ಲಿ. ಇವತ್ತು ಅದರ ಬಗ್ಗೆ ನಾಲ್ಕು ಮಾತು.

ಇದು ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಊರುಗಳ ಮಕ್ಕಳು ಈಗ ರಜೆಗೆಂದು ಕಾಶ್ಮೀರದ ಗುಲ್ಮಾರ್ಗಿಗೂ ಹೋಗಿಬರುತ್ತಾರೆ. ಅಲ್ಲಿ ಬಾಡಿಗೆಗೆ ಸ್ಕೀ ಕಟ್ಟಿಕೊಂಡು ನಿಂತ ಚಿತ್ರವನ್ನು ಫೋನಿನಲ್ಲಿ ತೋರಿಸುತ್ತಾರೆ. ನಾಳೆ ನಿಮ್ಮ ಮನೆಯಿಂದಲೂ ಒಬ್ಬರು ಹೋಗಬಹುದು. ಅವರಿಗೆ ಹೇಳಿ ಕಳಿಸಬೇಕಾದ ಒಂದು ಮಾತು ಇದರಲ್ಲಿದೆ.

ಮೊದಲು, ಹಲಗೆ ಹಿಮದ ಮೇಲೆ ನಿಲ್ಲುವುದು ಹೇಗೆ? ಕಂಬಳದ ಗದ್ದೆಯನ್ನು ನೆನಪಿಗೆ ತಂದುಕೊಳ್ಳಿ. ಕೆಸರಿಗೆ ಬರಿಗಾಲಿಟ್ಟರೆ ಕಣಕಾಲಿನ ತನಕ ಹೂತುಹೋಗುತ್ತದೆ. ಅದೇ ಗದ್ದೆಯಲ್ಲಿ ಅಡ್ಡಹಲಗೆಯ ಓಟಕ್ಕೆ ನಿಂತವನು ಮುಳುಗುವುದಿಲ್ಲ. ಹಲಗೆ ಅವನ ಭಾರವನ್ನು ಹರಡುತ್ತದೆ, ಕೋಣಗಳ ವೇಗ ಅದನ್ನು ಮೇಲಕ್ಕೆತ್ತುತ್ತದೆ. ಸ್ಕೀಯ ಲೆಕ್ಕವೂ ಇಷ್ಟೇ. ಕೋಣಗಳ ಜಾಗದಲ್ಲಿ ಬೆಟ್ಟದ ಇಳಿಜಾರು ಇದೆ, ಅಷ್ಟೆ.

ಒಂದು ಸಣ್ಣ ಲೆಕ್ಕ ಹಾಕೋಣ. ಬೂಟು, ಬಟ್ಟೆ, ಚೀಲ ಸೇರಿ ಒಬ್ಬನ ತೂಕ 80 ಕಿಲೋ ಎಂದಿಟ್ಟುಕೊಳ್ಳಿ. ಎರಡು ಪಾದಗಳ ಅಡಿ ಸುಮಾರು 500 ಚದರ ಸೆಂಟಿಮೀಟರ್. ಒಂದೊಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ 160 ಗ್ರಾಂ. ಇನ್ನು 185 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಅಗಲದ ಒಂದು ಜೊತೆ ಸ್ಕೀ ಕಟ್ಟಿದರೆ ಅದೇ ಭಾರ ಸುಮಾರು 18 ಗ್ರಾಮಿಗೆ ಇಳಿಯುತ್ತದೆ, ಅಂದರೆ ಒಂಬತ್ತರಲ್ಲಿ ಒಂದು ಪಾಲು. ಗಟ್ಟಿ ಹಿಮಕ್ಕೆಂದು ಮಾಡಿದ 170 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲದ ಸ್ಕೀಯಲ್ಲಿ ಅದು 34 ಗ್ರಾಂ. ಹೊಸದಾಗಿ ಬಿದ್ದ ಪುಡಿಹಿಮವೋ ಬಹಳ ಹಗುರ. ಹತ್ತು ಅಂಗುಲ ಹಿಮ ಕರಗಿಸಿದರೆ ಸಿಗುವುದು ಒಂದು ಅಂಗುಲ ನೀರು, ಉಳಿದದ್ದೆಲ್ಲ ಗಾಳಿ. ಅಂಥ ಗಾಳಿಯಂಥ ವಸ್ತುವಿನ ಮೇಲೆ ಈ 18 ಮತ್ತು 34ರ ನಡುವಿನ ಅಂತರ ಸಣ್ಣದಲ್ಲ.

ಆದರೂ ಅಗಲದ ಸ್ಕೀ ಬಂದದ್ದು ತಡವಾಗಿ. ಬಹುಕಾಲ ಸ್ಕೀ ಎಂದರೆ ಎರಡು ಮೀಟರಿನಷ್ಟು ಉದ್ದದ, ಕಿರಿದಾದ ಪಟ್ಟಿ. ಆಳ ಹಿಮದಲ್ಲಿ ಅದರ ಮೂತಿ ಹೂಳುತ್ತಿತ್ತು, ತೊಡೆಗಳು ಸೋಲುತ್ತಿದ್ದವು. 1980ರ ದಶಕದ ಕೊನೆಯಲ್ಲಿ ಆಸ್ಟ್ರಿಯಾದ ಅಟಾಮಿಕ್ ಕಂಪೆನಿಯ ರೂಪರ್ಟ್ ಹ್ಯೂಬರ್ ಎಂಬವರು ಅಗಲವಾದ ಸ್ನೋಬೋರ್ಡೊಂದನ್ನು ನಡುವೆ ಕೊಯ್ದು ಎರಡು ಸ್ಕೀ ಮಾಡಿ ನೋಡಿದರು. ಅದರಿಂದ ಹುಟ್ಟಿದ ದಪ್ಪ ಸ್ಕೀಗಳನ್ನು ಕಂಡು ಮೊದಮೊದಲು ನಕ್ಕವರೇ ಹೆಚ್ಚು. ಮುಂದೆ ಶೇನ್ ಮೆಕಾಂಕಿ ಎಂಬ ಸಾಹಸಿ, ಆಳ ಹಿಮ ಗಟ್ಟಿ ನೆಲಕ್ಕಿಂತ ನೀರಿಗೇ ಹತ್ತಿರ ಎಂದು ವಾದಿಸಿದರು. ಅಲಾಸ್ಕಾದ ಬೆಟ್ಟದಲ್ಲಿ ನೀರಿನ ಮೇಲೆ ಜಾರುವ ಸ್ಕೀಗಳನ್ನೇ ಕಟ್ಟಿಕೊಂಡು ಇಳಿದು ತೋರಿಸಿದರು. 2002ರ ಸುಮಾರಿಗೆ ಅವರ ಕಲ್ಪನೆಯಂತೆ ವೋಲಾಂಟ್ ಕಂಪೆನಿ 'ಸ್ಪ್ಯಾಟ್ಯುಲಾ' ಎಂಬ ಸ್ಕೀ ಹೊರತಂದಿತು. ನಡುವೆ ಅಗಲ, ತುದಿಗಳೆರಡೂ ದೋಣಿಯ ಮೂತಿಯಂತೆ ಮೇಲಕ್ಕೆ ಬಾಗಿದ್ದು. ಈ ಬಾಗಿಗೆ ರಾಕರ್ ಎಂದು ಹೆಸರು. ಇಂದಿನ ಪುಡಿಹಿಮದ ಸ್ಕೀಗಳಲ್ಲೆಲ್ಲ ಇದು ಒಂದಿಷ್ಟಾದರೂ ಇದ್ದೇ ಇರುತ್ತದೆ.

ಆಳವಾದ ಹೊಸ ಹಿಮದಲ್ಲಿ ಇಂಥ ಸ್ಕೀ ನಿಜಕ್ಕೂ ಬೇರೆಯದೇ ಅನುಭವ ಕೊಡುತ್ತದೆ. ಮೂತಿ ತಾನಾಗಿ ಮೇಲೇಳುತ್ತದೆ. ಹಿಂದಕ್ಕೆ ವಾಲಿ ತೊಡೆ ನೋಯಿಸಿಕೊಳ್ಳಬೇಕಾಗಿಲ್ಲ. ತಿರುಗಲು ಅಂಚನ್ನು ಊರಿ ಕೊರೆಯಬೇಕೆಂದಿಲ್ಲ. ಬೆಣ್ಣೆ ಸವರಿದಂತೆ ಹಲಗೆಯನ್ನು ಪಕ್ಕಕ್ಕೆ ಜಾರಿಸಿದರೆ ಸಾಕು. ಉದ್ದವಿರುವುದರಿಂದ ವೇಗದಲ್ಲೂ ಅಲುಗುವುದಿಲ್ಲ. ಆದರೆ ಈ ಸುಖಕ್ಕೆ ಸ್ವಲ್ಪ ವೇಗ ಬೇಕೇ ಬೇಕು. ನಿಂತರೆ ಅಗಲದ ಸ್ಕೀಯೂ ಹೂಳುತ್ತದೆ. ಒತ್ತಾಗಿ ಮರಗಳಿರುವಲ್ಲಿ ಉದ್ದವೇ ತೊಡಕಾಗುತ್ತದೆ.

ಈಗ ರೆಸಾರ್ಟಿಗೆ ಬನ್ನಿ. ಅಲ್ಲಿ ರಾತ್ರಿ ಯಂತ್ರ ಓಡಿಸಿ ಹಿಮವನ್ನು ಒತ್ತಿ ಹಾದಿ ಮಾಡಿರುತ್ತಾರೆ. ಗಟ್ಟಿ ಹಿಮದಲ್ಲಿ ಮನುಷ್ಯ ನಿಲ್ಲುವುದು ಸ್ಕೀಯ ಉಕ್ಕಿನ ಅಂಚಿನ ಮೇಲೆ. ಕಿರಿದಾದ ಸ್ಕೀಯಲ್ಲಿ ಅಂಚು ಪಾದದ ಅಡಿಯಲ್ಲೇ ಇರುತ್ತದೆ. ಅಗಲದ ಸ್ಕೀಯಲ್ಲಿ ಅದು ಪಾದದಿಂದ ಹೊರಗೆ ಚಾಚಿರುತ್ತದೆ. ಅದನ್ನು ಓರೆಮಾಡಿ ನಿಲ್ಲಿಸಲು ಕಣಕಾಲು, ಮೊಣಕಾಲುಗಳು ಹೆಚ್ಚು ದುಡಿಯಬೇಕು. ಒಂದು ಅಂಚಿನಿಂದ ಇನ್ನೊಂದಕ್ಕೆ ಬದಲಿಸಲು ಹೊತ್ತು ಹಿಡಿಯುತ್ತದೆ. ಮೂತಿ ಮೇಲೆದ್ದಿರುವುದರಿಂದ ಉದ್ದದ ಒಂದು ಪಾಲು ಹಿಮವನ್ನು ಮುಟ್ಟುವುದೇ ಇಲ್ಲ. ಬರಿದೇ ಪಟಪಟ ಬಡಿದುಕೊಳ್ಳುತ್ತದೆ. ನೀರ್ಗಲ್ಲಿನಂತೆ ಹೆಪ್ಪುಗಟ್ಟಿದ ಜಾಗದಲ್ಲಂತೂ ಅದು ಜಾರುವ ಮಣೆಯೇ ಸರಿ.

ಹಿಮ ಬಿದ್ದ ಮರುದಿನ ಬೆಳಿಗ್ಗೆ ರೆಸಾರ್ಟಿನಲ್ಲೂ ಪುಡಿಹಿಮ ಸಿಗುತ್ತದೆ, ಇಲ್ಲವೆಂದಲ್ಲ. ಆದರೆ ನೂರಾರು ಮಂದಿ ಇಳಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಅದು ಉತ್ತ ಗದ್ದೆಯಂತಾಗುತ್ತದೆ. ಕದಡಿದ ಹಿಮವನ್ನು ತೂಕವುಳ್ಳ ಅಗಲದ ಸ್ಕೀ ಸೀಳಿಕೊಂಡು ಹೋದೀತು. ಉಬ್ಬುತಗ್ಗು ಎದ್ದ ಮೇಲೆ ಅದೇ ಉದ್ದ, ಅದೇ ತೂಕ ಶತ್ರುವಾಗುತ್ತದೆ. ಆದ್ದರಿಂದ ಹೊಸದಾಗಿ ಕಲಿಯುವವರು ಅಂಗಡಿಯಲ್ಲಿ ಚೆಂದ ಕಂಡಿತೆಂದು ಅಗಲದ ಸ್ಕೀ ಕೇಳಬಾರದು. ಅವರಿಗೆ ಗಿಡ್ಡದಾದ, ಕಿರಿದಾದ ಜೊತೆಯೇ ಒಳ್ಳೆಯ ಗುರು.

ಮೂರನೆಯದು, ರೆಸಾರ್ಟಿನ ಹಗ್ಗ ದಾಟಿದ ಬೆಟ್ಟ. ಇದಕ್ಕೆ ಬ್ಯಾಕ್‌ಕಂಟ್ರಿ ಎನ್ನುತ್ತಾರೆ. ಇಲ್ಲಿ ಇಳಿಯುವ ಮೊದಲು ಹತ್ತಬೇಕು. ಸ್ಕೀಯ ಅಡಿಗೆ ಒಂದು ಬಗೆಯ ರೋಮದ ಪಟ್ಟಿ ಅಂಟಿಸುತ್ತಾರೆ. ಅದು ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರಗೊಡುವುದಿಲ್ಲ. ಹಿಂದಿನ ಕಾಲದಲ್ಲಿ ಸೀಲ್ ಎಂಬ ಕಡಲ ಪ್ರಾಣಿಯ ಚರ್ಮ ಬಳಸುತ್ತಿದ್ದರು. ಈಗ ನೈಲಾನ್ ಅಥವಾ ಆಡಿನ ಉಣ್ಣೆ. ಅಗಲದ ಸ್ಕೀಗೆ ಅಗಲದ ಪಟ್ಟಿ, ಅಷ್ಟು ಹೆಚ್ಚು ತೂಕ. ಜೊತೆಯೊಂದು ನಾಲ್ಕು ಕಿಲೋ ಮೀರುವುದುಂಟು. ಬೆನ್ನ ಮೇಲಿನ ಕಿಲೋಗಿಂತ ಕಾಲಿಗೆ ಕಟ್ಟಿದ ಕಿಲೋ ಹೆಚ್ಚು ದಣಿಸುತ್ತದೆ, ಏಕೆಂದರೆ ಸಾವಿರಾರು ಹೆಜ್ಜೆಗಳಲ್ಲಿ ಅದನ್ನು ಮುಂದೆ ಎಳೆಯಬೇಕು. ಬೆಳಗಿನ ಗಟ್ಟಿ ಹಿಮದ ಓರೆಯನ್ನು ಅಡ್ಡಹಾಯುವಾಗ ಅದೇ ಅಗಲ ಹಿಡಿತ ತಪ್ಪಿಸುತ್ತದೆ. ಹಗುರವಾಗಿ ಮಾಡಿದ ಅಗಲದ ಸ್ಕೀಗಳೂ ಬಂದಿವೆ. ಅವು ಹತ್ತಲು ಸುಖ, ಒರಟು ಹಿಮದಲ್ಲಿ ಇಳಿಯುವಾಗ ಎಗರಾಡುತ್ತವೆ.

ಹತ್ತುವ ಕೆಲಸವನ್ನು ಯಂತ್ರವೇ ಮಾಡಿಕೊಟ್ಟರೆ? ಗುಲ್ಮಾರ್ಗಿನಲ್ಲಿ ಆಗಿರುವುದು ಅದೇ. ಅಲ್ಲಿ 1998ರಲ್ಲಿ ಗೊಂಡೊಲಾದ ಮೊದಲ ಹಂತ, 2005ರಲ್ಲಿ ಎರಡನೆಯ ಹಂತ ಬಂದಿತು. ಸುಮಾರು 2,650 ಮೀಟರ್ ಎತ್ತರದ ಬಯಲಿನಿಂದ 3,900 ಮೀಟರಿಗೂ ಮೇಲಿನ ಅಫರ್ವಟ್ ಏಣಿಗೆ ಕುಳಿತೇ ಹೋಗಬಹುದು. ಇಳಿದು ಒಂದು ಕಡೆ ತಿರುಗಿದರೆ ಕಾವಲಿರುವ ಇಳಿಜಾರು. ಇನ್ನೊಂದು ಕಡೆ ಹೊರಟರೆ ಯಾರೂ ಕಾಯದ ಬೆಟ್ಟ. ಎರಡರ ಹಿಮವೂ ಒಂದೇ ಬಿಳುಪು.

2023ರ ಫೆಬ್ರವರಿ 1ರಂದು ಅಫರ್ವಟ್ ಬೆಟ್ಟದಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀಗಾರರು ತೀರಿಕೊಂಡರು. 2024ರ ಫೆಬ್ರವರಿ 22ರಂದು ಅಲ್ಲಿಯೇ ಮತ್ತೊಂದು ಕುಸಿತದಲ್ಲಿ ರಷ್ಯಾದ ಒಬ್ಬರು ಸತ್ತರು. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಭಾರಿ ಹಿಮ ಬಿದ್ದು ಗಾಳಿ ಬೀಸಿದ ಮೇಲಿನ ದಿನಗಳಲ್ಲಿ. ಅಗಲದ ಸ್ಕೀಗೆ ಸೊಗಸಾದ ಜಾಗವೂ ಅದೇ, ಸೊಗಸಾದ ದಿನವೂ ಅದೇ. ಕೆಳಗೊಂದು ಸಡಿಲ ಪದರ ಅಡಗಿದ್ದರೆ ಮೇಲಿನ ಹಾಸು ಒಬ್ಬನ ಭಾರಕ್ಕೇ ಒಡೆದು ಜಾರಬಹುದು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ತಾವು ಅಥವಾ ತಮ್ಮ ಜೊತೆಗಾರರು ಕೆದಕಿದ ಕುಸಿತದಲ್ಲೇ ಸಿಕ್ಕಿದವರು. ತೇಲಿಸುವ ಸ್ಕೀ ಆಗ ಕಾಲಿಗೆ ಕಟ್ಟಿದ ಲಂಗರಿನಂತೆ ಕೆಳಗೆ ಎಳೆಯುತ್ತದೆ. ಹೂತವನನ್ನು ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಮೂವರಲ್ಲಿ ಒಬ್ಬ. ಕೆಳಗಿನ ಊರಿನಿಂದ ಸಹಾಯ ಬರುವ ತನಕ ಕಾಯುವಷ್ಟು ಹೊತ್ತಿರುವುದಿಲ್ಲ. ಆದ್ದರಿಂದ ಜೊತೆಗಿರುವವರ ಬಳಿಯೇ ಸಂಕೇತ ಕಳಿಸಿ ಹುಡುಕುವ ಯಂತ್ರ, ಚುಚ್ಚಿ ನೋಡುವ ಉದ್ದ ಸರಳು, ಸಲಿಕೆ, ಮೂರೂ ಇರಬೇಕು. ಬಳಸಿ ಅಭ್ಯಾಸವೂ ಇರಬೇಕು.

ಬಂಧುಗಳೇ, ಸ್ಕೀ ನಮಗೆ ಪೂರ್ತಿ ಹೊರಗಿನದು ಎನ್ನುವಂತೆಯೂ ಇಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕ್ರಾಸ್ ಕಂಟ್ರಿ ಸ್ಕೀಯಲ್ಲಿ ಭಾರತವನ್ನು ಪ್ರತಿನಿಧಿಸಿದವರು. ಅವರ ಓಟದ ಸ್ಕೀಗಳು ಐದು ಸೆಂಟಿಮೀಟರಿಗಿಂತಲೂ ಕಿರಿದು, ಗರಿಯಂತೆ ಹಗುರ. ಪುಡಿಹಿಮದಲ್ಲಿ ಅವು ಹೂತುಹೋಗುತ್ತವೆ. ತಮ್ಮ ಹಾದಿಯಲ್ಲಿ ಅವಕ್ಕೆ ಸಾಟಿಯಿಲ್ಲ.

ಹಾಗಾಗಿ ನಿಮ್ಮ ಮಗನೋ ಮೊಮ್ಮಗಳೋ ಹಿಮದ ಊರಿಗೆ ಹೊರಟರೆ ಹೀಗೆ ಹೇಳಿ: ಮೊದಲು ಹಿಮ ಎಂಥದೆಂದು ಕೇಳು, ಆಮೇಲೆ ಸ್ಕೀ ಆರಿಸು. ಆ ದಿನದ ಕುಸಿತದ ಎಚ್ಚರಿಕೆ ಏನಿದೆ ಎಂದು ವಿಚಾರಿಸು. ಬಲ್ಲ ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಹಗ್ಗ ದಾಟಬೇಡ. ಕಾಲಿಗೆ ಎಷ್ಟೇ ಒಳ್ಳೆಯ ಹಲಗೆ ಕಟ್ಟಿದ್ದರೂ ಸರಿ, ದಾಟಬೇಡ.