ಮಂಡಿಯಷ್ಟು ಸುಲಭವಲ್ಲ ಪಾದದ ಕೀಲು

ಯಾರದೋ ಅಜ್ಜಿಗೆ ಮಂಡಿ ಬದಲಾಯಿಸಿದರಂತೆ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಈಗ ಅದೇನು ದೊಡ್ಡ ಸುದ್ದಿಯಲ್ಲ. ಸೊಂಟದ ಕೀಲನ್ನೂ ಬದಲಾಯಿಸುತ್ತಾರೆ. ಆದರೆ ಪಾದದ ಕೀಲು ಬದಲಾಯಿಸಿಕೊಂಡವರನ್ನು ನೋಡಿದ್ದೀರಾ? ಬಹುಶಃ ಇಲ್ಲ. ಯಾಕೆಂದು ತಿಳಿಯಬೇಕಾದರೆ ಒಮ್ಮೆ ಕಾಲು ಚಾಚಿ ಕುಳಿತುಕೊಳ್ಳಿ.

ಪಾದದ ಮೇಲೆ ಆ ಕಡೆ ಈ ಕಡೆ ಎರಡು ಗುಬುಟುಗಳು ಕೈಗೆ ಸಿಗುತ್ತವಲ್ಲ? ಒಳಗಡೆಯದು ತುಸು ಮೇಲಿದೆ, ಹೊರಗಡೆಯದು ತುಸು ಕೆಳಗಿದೆ. ಮಂಡಿಯಿಂದ ಇಳಿದು ಬಂದ ಎರಡು ಮೂಳೆಗಳ ತುದಿಗಳು ಅವು. ಅವೆರಡರ ನಡುವೆ ಟ್ಯಾಲಸ್ ಎಂಬ ಗಿಡ್ಡ ಮೂಳೆ ಕುಳಿತಿದೆ. ಬಡಗಿ ಒಂದು ಮರದಲ್ಲಿ ಕುಳಿ ಕೊರೆದು ಇನ್ನೊಂದರ ತುದಿಯನ್ನು ಬಿಗಿಯಾಗಿ ಕೂರಿಸುತ್ತಾನಲ್ಲ, ಅಂಥದೇ ಜೋಡಣೆ. ಈ ಟ್ಯಾಲಸ್ ಸ್ವಲ್ಪ ವಿಚಿತ್ರದ್ದು. ಒಂದೇ ಒಂದು ಸ್ನಾಯುವೂ ಅದಕ್ಕೆ ಅಂಟಿಕೊಂಡಿಲ್ಲ. ಮುಂದೆ ಅಗಲ, ಹಿಂದೆ ಕಿರಿದು. ಪಾದವನ್ನು ನಿಮ್ಮ ಕಡೆಗೆ ಎಳೆದುಕೊಂಡರೆ ಅದರ ಅಗಲದ ಭಾಗ ಎರಡು ಮೂಳೆಗಳ ನಡುವೆ ಬಂದು ಕೀಲು ಬಿಗಿಯಾಗುತ್ತದೆ. ತುದಿಗಾಲಲ್ಲಿ ನಿಂತರೆ ಕಿರಿದಾದ ಭಾಗ ಬಂದು ಸಡಿಲವಾಗುತ್ತದೆ. ಮೆಟ್ಟಿಲು ಇಳಿಯುವಾಗ, ನೆಗೆದು ನೆಲಕ್ಕೆ ಬೀಳುವಾಗ ಕಾಲು ಸುಲಭವಾಗಿ ಉಳುಕುವುದು ಇದರಿಂದಲೇ.

ಮೂಳೆಗಳು ಒಂದಕ್ಕೊಂದು ತಾಗಿ ಭಾರ ಹೊರುವ ಜಾಗ ಇಲ್ಲಿ ಬಹಳ ಕಡಿಮೆ, ಮಂಡಿಯಲ್ಲಿರುವುದರ ಸುಮಾರು ಮೂರನೇ ಒಂದು ಭಾಗ. ಹೊರೆ ಮಾತ್ರ ಕಡಿಮೆಯಲ್ಲ. ನಡೆಯುವಾಗ ಮೈತೂಕದ ಐದು ಪಟ್ಟಿನಷ್ಟು ಒತ್ತಡ ಬೀಳಬಲ್ಲದು. ನಿಮ್ಮ ತೂಕ 30 ಕಿಲೋ ಇದ್ದರೆ ಹೆಚ್ಚುಕಡಿಮೆ 150 ಕಿಲೋ! ಇಷ್ಟಾದರೂ ವಯಸ್ಸಾದಂತೆ ಮಂಡಿ ಸವೆದ ಹಾಗೆ ಪಾದದ ಕೀಲು ತಾನಾಗಿಯೇ ಸವೆಯುವುದು ಅಪರೂಪ. ಅದು ಹಾಳಾಗುವುದು ಹೆಚ್ಚಾಗಿ ಹಳೆಯ ಪೆಟ್ಟಿನಿಂದ. ಯಾವಾಗಲೋ ಮುರಿದ ಮೂಳೆ, ಮತ್ತೆ ಮತ್ತೆ ಉಳುಕಿದ ಕಾಲು. ಮೂಳೆಯ ತುದಿಗೆ ಹೊದಿಕೆಯಾಗಿರುವ ನುಣುಪಾದ ಮೃದ್ವಸ್ಥಿ ಎಷ್ಟೋ ವರ್ಷಗಳ ಮೇಲೆ ಸವೆದುಹೋಗಿ, ಮೂಳೆಗೆ ಮೂಳೆ ಉಜ್ಜಿ, ಒಂದೊಂದು ಹೆಜ್ಜೆಯೂ ನೋವಾಗುತ್ತದೆ.

ಇದಕ್ಕೆ ವೈದ್ಯರ ಬಳಿ ಹಳೆಯ ಉಪಾಯವೊಂದಿದೆ. ಹಾಳಾದ ಮೃದ್ವಸ್ಥಿಯನ್ನು ಕೆರೆದು ತೆಗೆದು, ಕಾಲಿನ ಮೂಳೆಯನ್ನೂ ಟ್ಯಾಲಸ್ಸನ್ನೂ ಸ್ಕ್ರೂ ಹಾಕಿ ಒಂದಾಗಿ ಬೆಸೆಯುವುದು. ಅಲುಗಾಟ ನಿಂತರೆ ನೋವೂ ನಿಲ್ಲುತ್ತದೆ. ಆದರೆ ಕೀಲು ಮಡಚುವುದಿಲ್ಲ. ಏರು ಹತ್ತುವುದು, ಕುಕ್ಕರುಗಾಲಲ್ಲಿ ಕೂರುವುದು ಕಷ್ಟ. ಜೊತೆಗೆ ಅದರ ಕೆಲಸವೂ ಅಕ್ಕಪಕ್ಕದ ಸಣ್ಣ ಕೀಲುಗಳ ಮೇಲೆ ಬಿದ್ದು, ವರ್ಷಗಳು ಕಳೆದಂತೆ ಅವೂ ಸವೆಯತೊಡಗುತ್ತವೆ.

1970ರಲ್ಲಿ ಫ್ರಾನ್ಸಿನ ಲಾರ್ಡ್ ಮತ್ತು ಮರೋಟ್ ಎಂಬ ವೈದ್ಯರು ಬೇರೆ ದಾರಿ ಹಿಡಿದರು. ಸೊಂಟದ ಕೃತಕ ಕೀಲು ಆ ಹೊತ್ತಿಗೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅದನ್ನೇ ತಲೆಕೆಳಗು ಮಾಡಿ ಪಾದಕ್ಕೆ ಹಾಕಿದರೆ ಹೇಗೆ? ಟ್ಯಾಲಸ್ಸನ್ನೇ ತೆಗೆದು, ಹಾಗೆಯೇ ಹಾಕಿಯೂ ಬಿಟ್ಟರು. ಹತ್ತು ವರ್ಷದ ಮೇಲೆ ನೋಡಿದರೆ 25 ಕೀಲುಗಳಲ್ಲಿ 7 ಮಾತ್ರ ತೃಪ್ತಿಕರವಾಗಿದ್ದವು, 12 ಕೆಟ್ಟುಹೋಗಿದ್ದವು. ಸೊಂಟದ ಕೀಲು ಗುಂಡಗೆ ಎಲ್ಲ ಕಡೆಗೂ ತಿರುಗುತ್ತದೆ, ಪಾದದ್ದು ಹಾಗಲ್ಲವಲ್ಲ! ಆದರೂ ಆ ಧೈರ್ಯ, ಮತ್ತು ಸೋತ ಲೆಕ್ಕವನ್ನು ಮುಚ್ಚಿಡದೆ ಬರೆದದ್ದು, ನನಗೆ ಬಹಳ ಇಷ್ಟ. ಆ ದಶಕದಲ್ಲಿ ಬಂದ ಬೇರೆ ಮಾದರಿಗಳದೂ ಹೆಚ್ಚುಕಡಿಮೆ ಅದೇ ಗತಿ. ಸಿಮೆಂಟು ಹಾಕಿ ಅಂಟಿಸಿದ ತುಂಡುಗಳು ಸಡಿಲವಾಗುತ್ತಿದ್ದವು. ಬೆಸೆಯುವುದೇ ವಾಸಿ ಎಂದು ಅನೇಕರು ಕೈಬಿಟ್ಟರು.

ಡೆನ್ಮಾರ್ಕಿನ ಹಾಕೋನ್ ಕೋಫೋಡ್ ಬಿಡಲಿಲ್ಲ. 1980ರ ದಶಕದಲ್ಲಿ ಅವರು ಮೂರು ತುಂಡುಗಳ ಕೀಲನ್ನು ರೂಪಿಸಿದರು: ಮೇಲೊಂದು ಲೋಹದ ತಟ್ಟೆ, ಟ್ಯಾಲಸ್ ಮೇಲೊಂದು ಲೋಹದ ಟೋಪಿ, ನಡುವೆ ಜಾರುವ ಗಟ್ಟಿ ಪ್ಲಾಸ್ಟಿಕ್ ತುಂಡು. ಮುಂದೆ ಸಿಮೆಂಟನ್ನೂ ಬಿಟ್ಟರು. ಲೋಹದ ಮೇಲ್ಮೈಯನ್ನು ಒರಟಾಗಿಟ್ಟರೆ ಮೂಳೆಯೇ ಬೆಳೆದು ಅದನ್ನು ಹಿಡಿದುಕೊಳ್ಳುತ್ತದೆ. ಈಗಿನ ಕೀಲುಗಳಲ್ಲಿ ಕೆಲವಕ್ಕೆ ಪ್ಲಾಸ್ಟಿಕ್ ಜಾರುತ್ತದೆ, ಕೆಲವಕ್ಕೆ ಲೋಹಕ್ಕೇ ಕೂಡಿಕೊಂಡಿರುತ್ತದೆ. ರೋಗಿಯ ಕಾಲಿನ ಸಿ.ಟಿ. ಸ್ಕ್ಯಾನ್ ನೋಡಿ, ಮೂಳೆಯನ್ನು ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಅಚ್ಚನ್ನು ಅವರೊಬ್ಬರಿಗೆಂದೇ ಮುದ್ರಿಸುವುದೂ ಉಂಟು.

ಫಲ ಹೇಗಿದೆ? ಹೊಸ ಕೀಲು ಹಾಕಿಸಿಕೊಂಡ 100 ಮಂದಿಯಲ್ಲಿ ಸುಮಾರು 80ರಿಂದ 90 ಮಂದಿಯ ಕೀಲು ಹತ್ತು ವರ್ಷದ ಮೇಲೂ ಇದ್ದಲ್ಲೇ ಇರುತ್ತದೆ. ಮಂಡಿ, ಸೊಂಟದ ಕೀಲುಗಳು ಇದಕ್ಕಿಂತ ಮುಂದಿವೆ. ಬ್ರಿಟನ್ನಿನ 17 ಆಸ್ಪತ್ರೆಗಳಲ್ಲಿ 303 ಮಂದಿಯ ಮೇಲೆ ಒಂದು ಅಧ್ಯಯನ ನಡೆಯಿತು. ಅದರ ಫಲಿತಾಂಶ 2022ರಲ್ಲಿ ಹೊರಬಂತು. ಯಾರಿಗೆ ಹೊಸ ಕೀಲು, ಯಾರಿಗೆ ಬೆಸುಗೆ ಎಂಬುದನ್ನು ವೈದ್ಯರು ಆರಿಸಲಿಲ್ಲ, ರೋಗಿಯೂ ಆರಿಸಲಿಲ್ಲ; ಚೀಟಿ ಎತ್ತಿದ ಹಾಗೆ ತೀರ್ಮಾನವಾಯಿತು. ಹಾಗೆ ಮಾಡಿದರೇ ಹೋಲಿಕೆ ನ್ಯಾಯವಾಗಿರುವುದು. ಒಂದು ವರ್ಷದ ನಂತರ ಎರಡೂ ಗುಂಪಿನವರ ನಡಿಗೆ ಚೆನ್ನಾಗಿ ಸುಧಾರಿಸಿತ್ತು, ದೊಡ್ಡ ಅಂತರವೇನೂ ಕಾಣಲಿಲ್ಲ. ಕೀಲು ಬದಲಾಯಿಸಿದವರಲ್ಲಿ ಗಾಯ ಮಾಯುವ ತೊಂದರೆ ಹೆಚ್ಚು, ಏಕೆಂದರೆ ಪಾದದ ಮುಂದಿನ ಚರ್ಮ ಬಹಳ ತೆಳು. ಬೆಸೆದವರಲ್ಲಿ ಕೆಲವರ ಮೂಳೆ ಕೂಡಿಕೊಳ್ಳಲೇ ಇಲ್ಲ. ಹಾಗಾಗಿ ವಯಸ್ಸು, ಕೆಲಸ, ಮೂಳೆಯ ಗಟ್ಟಿತನ ಎಲ್ಲ ನೋಡಿ ಯಾರಿಗೆ ಯಾವುದೆಂದು ವೈದ್ಯರು ತೀರ್ಮಾನಿಸುತ್ತಾರೆ.

ನಿಮ್ಮ ಕೀಲು ಈಗ ಹೊಸದಾಗಿಯೇ ಇದೆ. ಆಟದಲ್ಲಿ ಕಾಲು ಉಳುಕಿದರೆ ಎಣ್ಣೆ ಹಚ್ಚಿ ನೀವಿಸಿ, ಎಳೆಸಿ ಮತ್ತೆ ಮೈದಾನಕ್ಕೆ ಓಡಬೇಡಿ. ಕೆನಡಾದ ಒಟ್ಟಾವದ ವೈದ್ಯರು ಮಾಡಿಟ್ಟ ಒಂದು ನಿಯಮವನ್ನು ನೆನಪಿಡಿ: ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಆ ಗುಬುಟುಗಳ ಮೂಳೆಯನ್ನೇ ಒತ್ತಿದಾಗ ನೋವಾದರೆ, ಎಕ್ಸ್-ರೇ ತೆಗೆಸಲೇಬೇಕು. ಮನೆಯಲ್ಲಿ ಬೈದಾರೆಂದು ಮುಚ್ಚಿಡದೆ ದೊಡ್ಡವರಿಗೆ ಹೇಳಿಬಿಡಿ.